ಮನೆಯ ಡೇಕೇರ್‌ಗೆ ಫೀಸು ನಿಗದಿ: ನಿಮ್ಮ ಕೂಲಿಯಿಂದ ಶುರುವಾಗುವ ಲೆಕ್ಕ

ಮನೆಯಲ್ಲೇ ಡೇಕೇರ್ ಶುರು ಮಾಡುವವರು ಹೆಚ್ಚಾಗಿ ಫೀಸು ನಿಗದಿ ಮಾಡುವುದು ಹೀಗೆ: ಹತ್ತಿರದ ಎರಡು ಮೂರು ಡೇಕೇರ್‌ಗಳಿಗೆ ಫೋನ್ ಮಾಡಿ ವಿಚಾರಿಸುತ್ತಾರೆ, ಅವರು ಹೇಳಿದ್ದಕ್ಕಿಂತ ತುಸು ಕಡಿಮೆ ಇಟ್ಟುಕೊಳ್ಳುತ್ತಾರೆ. ಅಲ್ಲಿ ಮನೆ ಸ್ವಂತದ್ದೋ ಬಾಡಿಗೆಯದೋ, ಎಷ್ಟು ಮಕ್ಕಳಿದ್ದಾರೆ, ಊಟ ಯಾರು ಕೊಡುತ್ತಾರೆ, ತಿಂಗಳ ಕೊನೆಗೆ ನಡೆಸುವವರ ಕೈಯಲ್ಲಿ ಏನಾದರೂ ಉಳಿಯುತ್ತದೋ ಇಲ್ಲವೋ, ಇದೊಂದೂ ಗೊತ್ತಿರುವುದಿಲ್ಲ. ಅವರೂ ಬಹುಶಃ ಇನ್ಯಾರನ್ನೋ ಕೇಳಿ ಇಟ್ಟ ಫೀಸು ಅದು. ಆರು ತಿಂಗಳು ಕಳೆಯುವಷ್ಟರಲ್ಲಿ ಮನೆ ತುಂಬ ಮಕ್ಕಳಿರುತ್ತಾರೆ, ಮೈತುಂಬ ಕೆಲಸವಿರುತ್ತದೆ, ಹಣ ಮಾತ್ರ ಎಲ್ಲಿ ಹೋಯಿತೆಂದು ತಿಳಿಯುವುದಿಲ್ಲ.

ಲೆಕ್ಕ ಒಳಗಿನಿಂದ ಶುರುವಾಗಬೇಕು. ಮೊದಲು ನಿಮ್ಮ ದುಡಿಮೆಯ ಬೆಲೆ, ಆಮೇಲೆ ಖರ್ಚು, ಆಮೇಲೆ ಸೀಟುಗಳ ಸಂಖ್ಯೆ. ಬೇರೆಯವರ ಫೀಸು ನೋಡುವುದು ಕಟ್ಟಕಡೆಗೆ.

ಇನ್ನೊಂದು ಮಾತನ್ನೂ ಮೊದಲೇ ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. ಪೋಷಕರು ಹಣ ಕೊಡುವುದು ಸೀಟಿಗೆ, ಹಾಜರಿಗೆ ಅಲ್ಲ. ಮಗು ಜ್ವರ ಬಂದು ಮೂರು ದಿನ ಬರದಿದ್ದರೂ ಆ ಸೀಟನ್ನು ನೀವು ಬೇರೆಯವರಿಗೆ ಕೊಡುವಂತಿಲ್ಲ, ಬಾಡಿಗೆಯೂ ಕಡಿಮೆಯಾಗುವುದಿಲ್ಲ. ರಜೆ, ಅರ್ಧ ದಿನ, ಮುಂಗಡ, ನೋಟಿಸ್, ಈ ಎಲ್ಲ ನಿಯಮಗಳೂ ಇದರಿಂದಲೇ ಹುಟ್ಟುತ್ತವೆ.

1. ಸೀಟು ಎಷ್ಟು?

ನಿಮ್ಮ ಪರವಾನಗಿ ಅಥವಾ ಸ್ಥಳೀಯ ನಿಯಮ ಎಷ್ಟು ಮಕ್ಕಳಿಗೆ ಅವಕಾಶ ಕೊಡುತ್ತದೆ ಎಂದು ಬರೆದುಕೊಳ್ಳಿ. ಎರಡು ವರ್ಷದೊಳಗಿನ ಮಕ್ಕಳಿಗೆ ಬೇರೆ ಮಿತಿ ಇದೆಯೇ ಎಂದೂ ನೋಡಿ, ಸಾಮಾನ್ಯವಾಗಿ ಇರುತ್ತದೆ. ನಿಮ್ಮದೇ ಪುಟ್ಟ ಮಗು ಮನೆಯಲ್ಲಿದ್ದರೆ ಅದೂ ಈ ಲೆಕ್ಕಕ್ಕೆ ಸೇರುತ್ತದೆಯೇ ಎಂದು ಖಚಿತ ಮಾಡಿಕೊಳ್ಳಿ. ಸೇರುವುದಾದರೆ ಒಂದು ಸೀಟು ಮೊದಲ ದಿನದಿಂದಲೇ ಆದಾಯವಿಲ್ಲದ್ದು.

ಆರು ಸೀಟು ಇದ್ದರೆ ಫೀಸನ್ನು ಐದಕ್ಕೆ ಲೆಕ್ಕ ಹಾಕಿ. ವರ್ಷವಿಡೀ ಎಲ್ಲ ಸೀಟೂ ತುಂಬಿರುವ ಮನೆಯ ಡೇಕೇರ್ ಅಪರೂಪ. ಒಂದು ಮಗು ಶಾಲೆಗೆ ಸೇರುತ್ತದೆ, ಒಂದು ಕುಟುಂಬ ಊರು ಬದಲಿಸುತ್ತದೆ, ಹೊಸ ಮಗು ಬರುವಷ್ಟರಲ್ಲಿ ಒಂದೆರಡು ತಿಂಗಳು ಕಳೆದಿರುತ್ತದೆ. ಆರೂ ಸೀಟು ತುಂಬಿದರಷ್ಟೇ ಸರಿಹೋಗುವ ಫೀಸು ಇಟ್ಟರೆ ಒಂದು ಸೀಟು ಖಾಲಿಯಾದ ತಿಂಗಳೇ ಸಂಸಾರದ ಹಣಕ್ಕೆ ಕೈ ಹಾಕಬೇಕಾಗುತ್ತದೆ.

2. ನಿಮ್ಮ ಗಂಟೆಗಳನ್ನು ಎಣಿಸಿ

ತಪ್ಪುವುದು ಹೆಚ್ಚಾಗಿ ಇಲ್ಲೇ. ಮಕ್ಕಳು ಮನೆಯಲ್ಲಿರುವ ಹೊತ್ತನ್ನಷ್ಟೇ ಕೆಲಸ ಎಂದುಕೊಳ್ಳುತ್ತೇವೆ. ಬಾಗಿಲು ದಿನಕ್ಕೆ 10 ಗಂಟೆ, ವಾರಕ್ಕೆ 5 ದಿನ ತೆರೆದಿದ್ದರೆ 50 ಗಂಟೆ. ಮಕ್ಕಳು ಬರುವ ಮೊದಲಿನ ತಯಾರಿ, ಹೋದ ಮೇಲೆ ನೆಲ, ಆಟಿಕೆ, ಬಚ್ಚಲು ತೊಳೆಯುವುದು ದಿನಕ್ಕೆ ಒಂದೂವರೆ ಗಂಟೆಯೆಂದರೂ ವಾರಕ್ಕೆ 7.5. ಸಾಮಾನು ತರುವುದು, ಚಾದರ ಒಗೆಯುವುದು, ಲೆಕ್ಕ ಬರೆಯುವುದು, ಪೋಷಕರ ಮೆಸೇಜುಗಳಿಗೆ ಉತ್ತರ, ಮುಂದಿನ ವಾರದ ಚಟುವಟಿಕೆ ಯೋಚಿಸುವುದು ಸೇರಿ ಇನ್ನೂ 5.5. ಒಟ್ಟು 63 ಗಂಟೆ. ಇದನ್ನು 52ರಿಂದ ಗುಣಿಸಿ 12ರಿಂದ ಭಾಗಿಸಿದರೆ ತಿಂಗಳಿಗೆ 273 ಗಂಟೆ.

ಈಗ ಒಂದು ಗಂಟೆಗೆ ನಿಮ್ಮ ಕೂಲಿ ಎಷ್ಟೆಂದು ನಿರ್ಧರಿಸಿ. ಇದೇ ಅನುಭವ ಇಟ್ಟುಕೊಂಡು ಬೇರೆಯವರ ಡೇಕೇರ್‌ನಲ್ಲಿ ದುಡಿದರೆ ಎಷ್ಟು ಸಿಗುತ್ತಿತ್ತು ಎಂಬುದು ಒಳ್ಳೆಯ ಆರಂಭ. ಆ ನೌಕರಿಯಲ್ಲಿ ಸಂಬಳದ ರಜೆಯೂ ನಿವೃತ್ತಿಯ ಉಳಿತಾಯವೂ ಇರುತ್ತಿತ್ತು. ಇಲ್ಲಿ ಅವೆರಡನ್ನೂ ನೀವೇ ಕಟ್ಟಿಕೊಳ್ಳಬೇಕು, ಆದಾಯ ತೆರಿಗೆಯೂ ಈ ಕೂಲಿಯಿಂದಲೇ ಹೋಗಬೇಕು. ಆದ್ದರಿಂದ ಆ ಮೊತ್ತಕ್ಕೆ ಒಂದಿಷ್ಟು ಸೇರಿಸಿ. 'ಹೇಗೂ ಮನೆಯಲ್ಲೇ ಇರುತ್ತೇನಲ್ಲ' ಎಂದು ಇಲ್ಲಿ ಕಡಿಮೆ ಬರೆದುಕೊಳ್ಳಬೇಡಿ. ಆರು ಪುಟ್ಟ ಮಕ್ಕಳ ಜೀವದ ಹೊಣೆ ಹೊರುವುದು ನುರಿತವರ ಕೆಲಸ, ಮನೆಯೊಳಗೆ ನಡೆಯುತ್ತದೆ ಎಂಬ ಕಾರಣಕ್ಕೆ ಅದು ಅಗ್ಗವಾಗುವುದಿಲ್ಲ.

ಮುಂದಿನ ಲೆಕ್ಕಕ್ಕಾಗಿ ನಿಮ್ಮ ಒಂದು ಗಂಟೆಯ ಕೂಲಿಯನ್ನು 1 ಪಾಲು ಎಂದು ಹಿಡಿಯೋಣ. ಹಾಗಾದರೆ ತಿಂಗಳ ಕೂಲಿ 273 ಪಾಲು. ಕೊನೆಯಲ್ಲಿ ಬರುವ ಸಂಖ್ಯೆಯನ್ನು ನಿಮ್ಮ ಗಂಟೆಯ ಕೂಲಿಯಿಂದ ಗುಣಿಸಿದರೆ ನಿಮ್ಮ ಹಣದಲ್ಲಿ ಫೀಸು ಸಿಗುತ್ತದೆ.

3. ಖರ್ಚು

ಒಂದು ತಿಂಗಳು ಪ್ರತಿ ಖರ್ಚಿನ ಚೀಟಿಯನ್ನೂ ಒಂದು ಡಬ್ಬಿಗೆ ಹಾಕಿಡಿ. ಅಂದಾಜಿನಲ್ಲಿ ಬರೆದ ಪಟ್ಟಿಯಲ್ಲಿ ಸೋಪು, ಒದ್ದೆ ಟಿಶ್ಯೂ, ಕಾಗದ, ಬಣ್ಣ, ಕಸದ ಚೀಲ ಇವು ತಪ್ಪಿಯೇ ಹೋಗುತ್ತವೆ. ವರ್ಷಕ್ಕೊಮ್ಮೆ ಕಟ್ಟುವ ವಿಮೆ, ಪರವಾನಗಿ, ಪ್ರಥಮ ಚಿಕಿತ್ಸೆಯ ತರಬೇತಿ ಇವನ್ನು 12ರಿಂದ ಭಾಗಿಸಿ ತಿಂಗಳಿಗೆ ಇಳಿಸಿ.

ಮನೆ ಬಾಡಿಗೆ ಮತ್ತು ವಿದ್ಯುತ್ತಿನಲ್ಲಿ ಡೇಕೇರ್‌ನ ಭಾಗ ಎಷ್ಟು? ಇದಕ್ಕೆ ಜಾಗ ಮತ್ತು ಸಮಯ ಎರಡನ್ನೂ ಗುಣಿಸುವ ಲೆಕ್ಕ ನ್ಯಾಯವಾದದ್ದು. ಮನೆಯ ಶೇ 40ರಷ್ಟು ಜಾಗ ಮಕ್ಕಳಿಗೆ ಬಳಕೆಯಾಗುತ್ತದೆ ಎನ್ನಿ. ವಾರದ 168 ಗಂಟೆಗಳಲ್ಲಿ ಆ ಜಾಗ ಡೇಕೇರ್ ಕೆಲಸಕ್ಕೆ ಹೋಗುವುದು 60 ಗಂಟೆ, ಅಂದರೆ ಸುಮಾರು ಶೇ 36. ಎರಡನ್ನೂ ಗುಣಿಸಿದರೆ ಶೇ 14ರ ಆಸುಪಾಸು. ಬಾಡಿಗೆಯ ಅಷ್ಟು ಭಾಗ ಡೇಕೇರ್‌ನ ಖರ್ಚು. ಒಂದು ಕೋಣೆಯನ್ನು ಮಕ್ಕಳಿಗಾಗಿಯೇ ಬಿಟ್ಟುಕೊಟ್ಟಿದ್ದರೆ ಆ ಕೋಣೆಗೆ ಸಮಯದ ಲೆಕ್ಕ ಬೇಡ, ಅದರ ಬಾಡಿಗೆಯ ಭಾಗ ಪೂರ್ತಿ ಸೇರಿಸಿ. ನೀರು, ಅಡುಗೆ ಅನಿಲಕ್ಕೆ ಈ ಸೂತ್ರ ಹೊಂದುವುದಿಲ್ಲ. ಡೇಕೇರ್ ಶುರುವಾಗುವ ಹಿಂದಿನ ಬಿಲ್ಲನ್ನೂ ಈಗಿನದನ್ನೂ ಪಕ್ಕಪಕ್ಕ ಇಟ್ಟು ವ್ಯತ್ಯಾಸ ತೆಗೆಯಿರಿ.

ಮಾದರಿಗೆ ಐದು ಮಕ್ಕಳ ತಿಂಗಳ ಪಟ್ಟಿ ಹೀಗಿರಬಹುದು: ಊಟ ತಿಂಡಿ 40 ಪಾಲು, ಮನೆಯ ಭಾಗ ಮತ್ತು ವಿದ್ಯುತ್, ನೀರು 26, ಸ್ವಚ್ಛತೆ 8, ವಿಮೆ, ಪರವಾನಗಿ, ತರಬೇತಿ 7, ಪುಸ್ತಕ ಮತ್ತು ಚಟುವಟಿಕೆ ಸಾಮಗ್ರಿ 5, ಫೋನ್, ಇಂಟರ್ನೆಟ್ 4. ಒಟ್ಟು 90.

ಇದರ ಮೇಲೆ ಕಣ್ಣಿಗೆ ಕಾಣದ ಮೂರು ಖರ್ಚುಗಳಿವೆ. ನಿಮಗೇ ಹುಷಾರಿಲ್ಲದಾಗ ಬದಲಿಯವರನ್ನು ಕರೆಯಬೇಕು. ವರ್ಷಕ್ಕೆ 10 ದಿನ, ದಿನಕ್ಕೆ 10 ಗಂಟೆ ಎಂದರೆ 100 ಪಾಲು, ತಿಂಗಳಿಗೆ ಸುಮಾರು 8. ಚಾಪೆ, ತೊಟ್ಟಿಲು, ಆಟಿಕೆ, ಪುಟ್ಟ ಕುರ್ಚಿ ಇವು ಸವೆಯುತ್ತವೆ. ಕೊಂಡ ಬೆಲೆಯನ್ನು ಅವು ಬಾಳುವ ತಿಂಗಳುಗಳಿಂದ ಭಾಗಿಸಿದರೆ ಬರುವುದು 7 ಎನ್ನೋಣ. ಅನಿರೀಕ್ಷಿತಕ್ಕೆ ಕೂಡಿಡಲು 12. ಇವು ಮೂರೂ ಸೇರಿ 27.

273ಕ್ಕೆ 90, 27 ಕೂಡಿಸಿದರೆ ತಿಂಗಳಿಗೆ 390 ಪಾಲು ಬರಲೇಬೇಕು.

4. ವಯಸ್ಸಿನ ತೂಕ

390ನ್ನು ಐದರಿಂದ ಭಾಗಿಸಿ ಎಲ್ಲರಿಗೂ 78 ಎಂದರೆ ಲೆಕ್ಕ ಸುಲಭ, ನ್ಯಾಯ ಮಾತ್ರ ಅಲ್ಲಿಲ್ಲ. ಎಂಟು ತಿಂಗಳ ಕೂಸೊಂದರ ದಿನ ನೋಡಿ. 10 ಗಂಟೆಯಲ್ಲಿ ನಾಲ್ಕು ಸಲ ಹಾಲು ಅಥವಾ ಊಟ, ತಲಾ 25 ನಿಮಿಷ. ಐದು ಸಲ ಡೈಪರ್ ಬದಲಾವಣೆ, ಕೈ ತೊಳೆಯುವುದೂ ಸೇರಿ ತಲಾ 6 ನಿಮಿಷ. ಎರಡು ಮೂರು ಸಲ ಮಲಗಿಸಲು ಒಟ್ಟು 45 ನಿಮಿಷ. ನಿಮ್ಮ ಎರಡೂ ಕೈಗಳು ಸುಮಾರು ಮೂರು ಗಂಟೆ ಆ ಒಂದು ಕೂಸಿಗೇ ಮೀಸಲು. ನಾಲ್ಕು ವರ್ಷದ ಮಗು ತಾನೇ ತಿನ್ನುತ್ತದೆ, ತಾನೇ ಬಚ್ಚಲಿಗೆ ಹೋಗುತ್ತದೆ, ಅದಕ್ಕೆ ಬೇಕಾದ ಗಮನದ ಬಗೆಯೇ ಬೇರೆ.

ಆದ್ದರಿಂದ ಪ್ರತಿ ವಯಸ್ಸಿಗೂ ಒಂದು ತೂಕ ಕೊಡಿ. ಮೂರು ವರ್ಷ ದಾಟಿದ ಮಗುವಿಗೆ 1, ಎರಡು ಮೂರು ವರ್ಷದ ನಡುವಿನದಕ್ಕೆ 1.2, ಎರಡರೊಳಗಿನ ಕೂಸಿಗೆ 1.6. ಕೂಸಿನ ನಿಜವಾದ ಭಾರ ಇದಕ್ಕಿಂತಲೂ ಹೆಚ್ಚೇ. ಪೂರ್ತಿ ಭಾರ ಹೇರಿದರೆ ಎಳೆಯ ಕೂಸಿನ ತಾಯಿತಂದೆಗೆ ಕಷ್ಟವಾಗುತ್ತದೆ, ಹಾಗಾಗಿ ಅದರ ಒಂದು ಭಾಗವನ್ನು ದೊಡ್ಡ ಮಕ್ಕಳ ಫೀಸು ಹೊರಬೇಕಾಗುತ್ತದೆ. ಕೂಸು ಮುಂದೆ ಮೂರು ವರ್ಷ ನಿಮ್ಮಲ್ಲೇ ಬೆಳೆಯುವುದಾದರೆ ಇದು ಒಪ್ಪಬೇಕಾದ ಹೊಂದಾಣಿಕೆ.

ಒಂದು ಕೂಸು (1.6), ಎರಡು ವರ್ಷ ದಾಟಿದ ಇಬ್ಬರು (2.4), ಮೂರು ದಾಟಿದ ಇಬ್ಬರು (2) ಎಂದರೆ ಒಟ್ಟು ತೂಕ 6. 390ನ್ನು 6ರಿಂದ ಭಾಗಿಸಿದರೆ 65. ಹಾಗಾಗಿ ತಿಂಗಳ ಫೀಸು ದೊಡ್ಡ ಮಗುವಿಗೆ 65 ಪಾಲು, ನಡುವಿನದಕ್ಕೆ 78, ಕೂಸಿಗೆ 104.

65 ಪಾಲು ಹೆಚ್ಚೆನಿಸಿದರೆ ಹೀಗೆ ನೋಡಿ. ಆ ಮಗು ತಿಂಗಳಿಗೆ ಸುಮಾರು 217 ಗಂಟೆ ನಿಮ್ಮ ಮನೆಯಲ್ಲಿರಬಹುದು. ಊಟವೂ ಸೇರಿ ಗಂಟೆಗೆ ಪೋಷಕರು ಕೊಡುತ್ತಿರುವುದು ನಿಮ್ಮ ಕೂಲಿಯ ಮೂರನೇ ಒಂದಕ್ಕಿಂತಲೂ ಕಡಿಮೆ.

ಎರಡು ಎಚ್ಚರಿಕೆ. ಕೂಸಿಗೆ ಎರಡು ವರ್ಷ ತುಂಬಿದಾಗ ಫೀಸು 104ರಿಂದ 78ಕ್ಕೆ ಇಳಿಯುತ್ತದೆ. ಯಾವ ತಿಂಗಳಿಂದ ಎಂದು ಸೇರುವಾಗಲೇ ಬರೆದುಕೊಡಿ, ಆ 26 ಪಾಲಿನ ಕೊರತೆಯನ್ನು ನಿಮ್ಮ ಪುಸ್ತಕದಲ್ಲೂ ಮೊದಲೇ ಗುರುತು ಹಾಕಿಡಿ. ಇನ್ನೊಂದು, ಫೀಸನ್ನು ಡೈಪರ್ ಬಿಡಿಸುವುದಕ್ಕೆ ಗಂಟು ಹಾಕಬೇಡಿ. 'ಡೈಪರ್ ಬಿಟ್ಟರೆ ಫೀಸು ಕಡಿಮೆ' ಎಂದ ಕೂಡಲೇ ಇನ್ನೂ ತಯಾರಿಲ್ಲದ ಮಗುವಿನ ಮೇಲೆ ಒತ್ತಡ ಬೀಳುತ್ತದೆ, ಅದರ ಫಲವನ್ನು ಒದ್ದೆ ಚಾಪೆಗಳ ಜೊತೆಗೆ ಆ ಮಗುವೂ ಅನುಭವಿಸುತ್ತದೆ. ವಯಸ್ಸಿನ ಗಡಿಯೇ ಸಾಕು.

5. ಈಗ ಬೇರೆಯವರ ಫೀಸು ನೋಡಿ

ಐದಾರು ಕಡೆ ವಿಚಾರಿಸಿ. ಬರೀ ಮೊತ್ತ ಕೇಳಿದರೆ ಏನೂ ತಿಳಿಯುವುದಿಲ್ಲ. ದಿನಕ್ಕೆ ಎಷ್ಟು ಗಂಟೆ, ಯಾವ ವಯಸ್ಸು, ಊಟ ಸೇರಿದೆಯೇ, ವರ್ಷಕ್ಕೆ ಎಷ್ಟು ದಿನ ಮುಚ್ಚಿರುತ್ತದೆ, ಸೇರುವಾಗ ಪ್ರತ್ಯೇಕ ಶುಲ್ಕ ಇದೆಯೇ ಎಂಬುದನ್ನೂ ಬರೆದುಕೊಂಡು ಎಲ್ಲವನ್ನೂ ಗಂಟೆಯ ಲೆಕ್ಕಕ್ಕೆ ಇಳಿಸಿ ಹೋಲಿಸಿ.

ನಿಮ್ಮದು ಶೇ 10ರಷ್ಟು ಮೇಲಿದ್ದರೆ ಹಾಗೇ ಇರಲಿ, ಏನೇನು ಸೇರಿದೆ ಎಂದು ಪೋಷಕರಿಗೆ ಸ್ಪಷ್ಟವಾಗಿ ಹೇಳಿ. ಶೇ 30 ಮೇಲಿದ್ದರೆ ಮೊದಲು ಕೈ ಹಾಕಬೇಕಾದದ್ದು ಗಂಟೆಗಳಿಗೆ. ದಿನಕ್ಕೆ ಒಂದು ಗಂಟೆ ಬೇಗ ಬಾಗಿಲು ಹಾಕಿದರೆ ತಿಂಗಳಿಗೆ ಸುಮಾರು 21.7 ಪಾಲು ಉಳಿಯುತ್ತದೆ, ಫೀಸು ಶೇ 5.5ರಷ್ಟು ಇಳಿಸಬಹುದು, ನಿಮ್ಮ ಗಂಟೆಯ ಕೂಲಿ ಕದಲುವುದಿಲ್ಲ. ಅದರ ಬದಲು ಸುಮ್ಮನೆ ಫೀಸನ್ನೇ ಶೇ 10 ಇಳಿಸಿದರೆ 39 ಪಾಲು ಹೋಗುತ್ತದೆ. ಬಾಡಿಗೆಯಾಗಲೀ ಊಟವಾಗಲೀ ಅದಕ್ಕಾಗಿ ಕಡಿಮೆಯಾಗುವುದಿಲ್ಲ, ಪೂರ್ತಿ 39 ನಿಮ್ಮ 273ರಿಂದಲೇ ಕಳೆಯಬೇಕು. ಫೀಸಿನಲ್ಲಿ ಶೇ 10 ಬಿಟ್ಟವರ ಕೂಲಿಯಲ್ಲಿ ಶೇ 14 ಹೋಗಿರುತ್ತದೆ.

ನಿಮ್ಮ ಲೆಕ್ಕ ಸುತ್ತಲಿನವರಿಗಿಂತ ಕಡಿಮೆ ಬಂದರೆ ಅವರ ಹತ್ತಿರಕ್ಕೆ ಏರಿಸಿ, ಹೆಚ್ಚುವರಿಯನ್ನು ಖಾಲಿ ಸೀಟಿನ ತಿಂಗಳುಗಳಿಗಾಗಿ ಕೂಡಿಡಿ. ಕೂಸೊಂದು ಬಿಟ್ಟುಹೋದ ತಿಂಗಳು 104 ಪಾಲು ನಿಲ್ಲುತ್ತದೆ, ಖರ್ಚಿನಲ್ಲಿ ಉಳಿಯುವುದು ಹೆಚ್ಚೆಂದರೆ 8. ಕೂಲಿಯ ಮೂರನೇ ಒಂದಕ್ಕಿಂತ ಹೆಚ್ಚು ಒಂದೇ ಏಟಿಗೆ ಇಲ್ಲವಾಗುತ್ತದೆ.

6. ವಾರ, ತಿಂಗಳು, ರಜೆ

ವಾರದ ಫೀಸನ್ನು ತಿಂಗಳಿಗೆ ಬದಲಿಸುವಾಗ 4ರಿಂದ ಗುಣಿಸಬೇಡಿ. ಹಾಗೆ ಮಾಡಿದರೆ ವರ್ಷಕ್ಕೆ 48 ವಾರದ ಹಣ ಬರುತ್ತದೆ, ನೀವು ದುಡಿಯುವುದು 52 ವಾರ. 52ರಿಂದ ಗುಣಿಸಿ 12ರಿಂದ ಭಾಗಿಸಿ, ಅಂದರೆ 4.33.

ನೀವು ವರ್ಷಕ್ಕೆ 4 ವಾರ ಮುಚ್ಚುತ್ತೀರಿ ಎನ್ನಿ. ಎಲ್ಲ ಮಕ್ಕಳಿಂದ ಸೇರಿ ವರ್ಷಕ್ಕೆ ಬೇಕಾದ 4,680 ಪಾಲನ್ನು (390ರ 12 ಪಟ್ಟು) 52ರಿಂದ ಭಾಗಿಸಿದರೆ ವಾರಕ್ಕೆ 90, ರಜೆಯ ವಾರಗಳಿಗೂ ಪೋಷಕರು ಕೊಡುತ್ತಾರೆ. 48ರಿಂದ ಭಾಗಿಸಿದರೆ ವಾರಕ್ಕೆ 97.5, ಮುಚ್ಚಿದಾಗ ಕೊಡುವುದಿಲ್ಲ. ವರ್ಷದ ಕೊನೆಗೆ ಎರಡೂ ಒಂದೇ. ಪ್ರತಿ ತಿಂಗಳೂ ಸಮನಾದ ಮೊತ್ತ ಬರುವ ಮೊದಲನೆಯದೇ ವಾಸಿ, ಪೋಷಕರಿಗೂ ಮನೆಯ ಬಜೆಟ್ ಸುಲಭ. ಮುಚ್ಚುವ ದಿನಗಳ ಪಟ್ಟಿಯನ್ನು ವರ್ಷದ ಆರಂಭದಲ್ಲೇ ಕೊಟ್ಟುಬಿಡಿ.

7. ಅರೆಕಾಲಿಕ ಮಕ್ಕಳು

ವಾರಕ್ಕೆ ಮೂರು ದಿನ ಬರುವ ಮಗುವಿಗೆ 65ರ ಐದರಲ್ಲಿ ಮೂರು ಭಾಗ, ಅಂದರೆ 39 ಪಾಲು ಸಾಕೇ? ಸಾಲದು. ಉಳಿದ ಎರಡು ದಿನಕ್ಕೆ ಸರಿಹೊಂದುವ ಮಗು ಸಿಗುವುದು ಕಷ್ಟ, ಸಿಕ್ಕರೂ ಒಂದು ಸೀಟಿಗೆ ಎರಡು ಕುಟುಂಬ, ಎರಡು ಕಡತ, ಹೊಂದಿಕೊಳ್ಳಬೇಕಾದ ಎರಡು ಪುಟ್ಟ ಜೀವಗಳು. ಶೇ 15ರಿಂದ 25 ಸೇರಿಸಿ 45ರಿಂದ 49ರ ನಡುವೆ ಇಡಿ. ಅರ್ಧ ದಿನಕ್ಕೆ ಪೂರ್ತಿ ಫೀಸಿನ ಶೇ 65ರಿಂದ 70. ಬೆಳಗಿನ ಹೊತ್ತು ಹೋದರೆ ಮಧ್ಯಾಹ್ನದ ಸೀಟನ್ನು ಮಾತ್ರ ಕೇಳಿಕೊಂಡು ಬರುವವರು ವಿರಳ.

ದಿನಗಳು ನಿಗದಿಯಾಗಿರಲಿ. 'ಈ ವಾರ ಮಂಗಳವಾರದ ಬದಲು ಗುರುವಾರ ಕಳಿಸುತ್ತೇನೆ' ಎಂಬುದಕ್ಕೆ ಒಮ್ಮೆ ಒಪ್ಪಿದರೆ ಆ ಸೀಟು ಐದೂ ದಿನ ಅವರದೇ ಆಗಿಬಿಡುತ್ತದೆ, ಹಣ ಮೂರು ದಿನದ್ದು.

8. ತಡವಾಗಿ ಬರುವ ಪೋಷಕರು

ಇಲ್ಲಿ ನೆನಪಿಡಬೇಕಾದ ಅಧ್ಯಯನವೊಂದಿದೆ. ಇಸ್ರೇಲ್‌ನ ಹೈಫಾ ನಗರದ 10 ಡೇಕೇರ್‌ಗಳಲ್ಲಿ ಅರ್ಥಶಾಸ್ತ್ರಜ್ಞರಾದ ಉರಿ ನೀಜಿ ಮತ್ತು ಆಲ್ಡೊ ರುಸ್ಟಿಕಿನಿ 20 ವಾರ ನಡೆಸಿದ ಪ್ರಯೋಗವದು, 2000ರಲ್ಲಿ ಪ್ರಕಟವಾಯಿತು. ಆರು ಡೇಕೇರ್‌ಗಳಲ್ಲಿ 10 ನಿಮಿಷಕ್ಕಿಂತ ತಡವಾದರೆ ಸಣ್ಣದೊಂದು ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗುವ ಬದಲು ಹೆಚ್ಚಾದರು, ಸುಮಾರು ದುಪ್ಪಟ್ಟಾದರು. ದಂಡ ತೆಗೆದುಹಾಕಿದ ಮೇಲೂ ಸಂಖ್ಯೆ ಮೊದಲಿನ ಮಟ್ಟಕ್ಕೆ ಇಳಿಯಲಿಲ್ಲ. ಮೊದಲು ಪೋಷಕರಿಗೆ ಸಂಕೋಚವಿತ್ತು, ದಂಡ ಬಂದ ಮೇಲೆ ಅದು ಹಣ ಕೊಟ್ಟು ಕೊಳ್ಳುವ ಸೇವೆಯಾಯಿತು.

ಹಾಗಾಗಿ ಲೇಟ್ ಫೀ ಇಡುವುದಾದರೆ ಅದು ತಟ್ಟುವಂತಿರಲಿ. ಶುರುವಾದ ಪ್ರತಿ 15 ನಿಮಿಷಕ್ಕೆ 1 ಪಾಲು, ಅಂದರೆ ನಿಮ್ಮ ಪೂರ್ತಿ ಒಂದು ಗಂಟೆಯ ಕೂಲಿ. ಯಾರ ಗಡಿಯಾರ ಎಂಬ ವಾದ ಬರದಂತೆ ಬಾಗಿಲ ಬಳಿ ಸಹಿ ಪುಸ್ತಕ ಇಟ್ಟು ಸಮಯ ಬರೆಸಿ. ತಿಂಗಳಲ್ಲಿ ಮೂರನೇ ಸಲ ತಡವಾದರೆ ಕೂತು ಮಾತಾಡಿ, ಅವರ ಕೆಲಸದ ಹೊತ್ತೇ ಹಾಗಿದ್ದರೆ ಹೆಚ್ಚಿನ ಗಂಟೆಯ ಬೇರೆ ಫೀಸಿಗೆ ಬದಲಿಸಿ. ಇದೆಲ್ಲ ದೊಡ್ಡವರ ನಡುವಿನ ವ್ಯವಹಾರ, ಮಗುವಿನ ಎದುರು ಎತ್ತಬೇಡಿ. ಕೊನೆಗೆ ಉಳಿದ ಮಗು ಆಗಲೇ ಬಾಗಿಲ ಕಡೆ ನೋಡುತ್ತಾ ಕೂತಿರುತ್ತದೆ.

9. ಮುಂಗಡ, ಡಿಪಾಸಿಟ್, ನೋಟಿಸ್

ಫೀಸು ಮುಂಗಡವಾಗಿಯೇ ಬರಲಿ, ತಿಂಗಳ 1ರಿಂದ 5ರೊಳಗೆ. ಕೆಲಸ ಮುಗಿದ ಮೇಲೆ ಹಣ ಕೇಳುವುದು ಸಾಲ ವಸೂಲಿಯಂತಾಗುತ್ತದೆ, ಪ್ರತಿದಿನ ಮುಖ ನೋಡುವವರಲ್ಲಿ ವಸೂಲಿ ಮಾಡುವುದು ಯಾರಿಗೂ ಬೇಡ. ಸೇರುವಾಗ ಎರಡು ವಾರದ ಫೀಸನ್ನು ಡಿಪಾಸಿಟ್ ಆಗಿ ಪಡೆದು ಕೊನೆಯ ಎರಡು ವಾರಕ್ಕೆ ಹೊಂದಿಸಿ. ಬಿಡುವುದಾದರೆ 4 ವಾರ ಮೊದಲು ಬರಹದಲ್ಲಿ ತಿಳಿಸಬೇಕು, ನೀವು ಮಗುವನ್ನು ಮುಂದುವರಿಸಲಾಗದಿದ್ದರೂ ಅದೇ 4 ವಾರ. ಸೀಟು ಕಾಯ್ದಿರಿಸಲು ಕೇಳಿದವರಿಂದ ಅರ್ಧ ಫೀಸು ಪಡೆದು ಎರಡು ತಿಂಗಳವರೆಗೆ ಹಿಡಿದಿಡಬಹುದು.

10. ರಿಯಾಯಿತಿ

ಒಡಹುಟ್ಟಿದವರಿಗೆ ಶೇ 5ರಿಂದ 10, ಅದೂ ಕಡಿಮೆ ಫೀಸಿನ ಮಗುವಿನ ಮೇಲೆ ಮಾತ್ರ. ಎರಡು ಸೀಟು ಒಂದೇ ಕುಟುಂಬದ್ದಾದರೆ ಅವರು ಹೋಗುವಾಗ ಎರಡೂ ಒಟ್ಟಿಗೆ ಖಾಲಿಯಾಗುತ್ತವೆ ಎಂಬುದು ನೆನಪಿರಲಿ.

ಕಷ್ಟದಲ್ಲಿರುವ ಕುಟುಂಬಕ್ಕೆ ನೆರವಾಗುವ ಮನಸ್ಸಿದ್ದರೆ ಅದನ್ನೂ ಲೆಕ್ಕದೊಳಗೆ ತನ್ನಿ. 65 ಪಾಲಿನ ಒಂದು ಸೀಟಿಗೆ ಶೇ 20 ರಿಯಾಯಿತಿ ಎಂದರೆ 13 ಪಾಲು, ಒಟ್ಟು ಆದಾಯದ ಶೇ 3.3. ಮೊದಲೇ ತೆಗೆದಿಟ್ಟರೆ ಅದು ನಿಮ್ಮಿಂದಾಗುವ ಮಾತು. ಕೇಳಿದವರಿಗೆಲ್ಲ ಅಲ್ಲಲ್ಲೇ ಬಿಡುತ್ತಾ ಹೋದರೆ ಡೇಕೇರೇ ಮುಚ್ಚುತ್ತದೆ, ಆಗ ಆ ಕುಟುಂಬಕ್ಕೂ ಜಾಗವಿರುವುದಿಲ್ಲ. ಆರು ತಿಂಗಳಿಗೆ ಎಂದು ಕೊಟ್ಟು, ಮತ್ತೆ ಮಾತಾಡಿ ಮುಂದುವರಿಸಿ.

11. ವರ್ಷಕ್ಕೊಮ್ಮೆ ಏರಿಕೆ

ಪ್ರತಿ ವರ್ಷ ಒಂದೇ ತಿಂಗಳಲ್ಲಿ, ಸಣ್ಣದಾಗಿ. ಶೇ 5ರಂತೆ ಮೂರು ವರ್ಷ ಏರಿಸಿದರೆ ಒಟ್ಟು ಶೇ 15.8 ಆಗುತ್ತದೆ, ಯಾರೂ ಬೆಚ್ಚುವುದಿಲ್ಲ. ಮೂರು ವರ್ಷ ಸುಮ್ಮನಿದ್ದು ಒಮ್ಮೆಲೇ ಶೇ 16 ಏರಿಸಿದರೆ ಪೋಷಕರು ಬೇರೆ ಡೇಕೇರ್ ಹುಡುಕತೊಡಗುತ್ತಾರೆ, ನಡುವಿನ ವರ್ಷಗಳ ನಷ್ಟವೂ ತುಂಬುವುದಿಲ್ಲ.

ಏರಿಕೆಗೆ 6ರಿಂದ 8 ವಾರ ಮೊದಲು ಪತ್ರ ಕೊಡಿ. ಹಳೆಯ ಫೀಸು, ಹೊಸ ಫೀಸು, ಯಾವ ದಿನಾಂಕದಿಂದ, ಇಷ್ಟೇ ಸಾಕು. ಉದ್ದನೆಯ ಸಮಜಾಯಿಷಿ ಬರೆದರೆ ಚೌಕಾಸಿಗೆ ಬಾಗಿಲು ತೆರೆದಂತೆ. ಈಗಾಗಲೇ ತೀರಾ ಕಡಿಮೆ ಫೀಸಿನಲ್ಲಿ ಸಿಕ್ಕಿಕೊಂಡಿದ್ದರೆ ಇರುವ ಮಕ್ಕಳಿಗೆ ಆರು ತಿಂಗಳ ಅಂತರದಲ್ಲಿ ಎರಡು ಕಂತಿನಲ್ಲಿ ಏರಿಸಿ. ಹೊಸದಾಗಿ ಸೇರುವ ಮಗುವಿಗೆ ಮೊದಲ ದಿನದಿಂದಲೇ ಸರಿಯಾದ ಫೀಸು ಹೇಳಿ.